ಎರಡು ಬೆರಳು

ಬೋರು ಸಾವಿರದಿನ್ನೂರು ಅಡಿಗಿಳಿದರೂ
ದೂಳು ಮಾತ್ರ ಉಗುಳುವ ಬೀದಿ ನಮ್ಮದು, ಚಿಂತಾಮಣಿಯಲ್ಲಿ.
ಇಲ್ಲಿ ಗೋಡೆಗೆ ತೇವ ಹತ್ತಿದೆ ಅಂದರೆ
ಯಾರು ನಂಬುತ್ತಾರೆ?
ನಾನೂ ನಂಬಿರಲಿಲ್ಲ,
ಶಮೀಮಮ್ಮ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು
ಅಂಗೈಯನ್ನು ಗೋಡೆಗೆ ಒತ್ತುವವರೆಗೆ.

ತಣ್ಣಗಿತ್ತು,
ಹೊಲಿಯುವ ಮೊದಲು ನೆನೆಸಿಟ್ಟ ಲೈನಿಂಗ್ ಬಟ್ಟೆಯ ಹಾಗೆ.
ಸುಣ್ಣ ಉಬ್ಬಿ, ಉದುರಿ, ಉಪ್ಪು ಹೂತು
ಮೊಣಕಾಲೆತ್ತರಕ್ಕೆ ಹತ್ತಿದ ಕರೆ.
ಕರೆಯ ಅಂಚಿಗೆ ಪೆನ್ಸಿಲಿನ ಗೆರೆ,
ಮಳೆಗಾಲಕ್ಕೊಂದು,
ಬೆಳೆಯುವ ಮಕ್ಕಳಿಗೆ ಹಾಕುತ್ತಾರಲ್ಲ, ಹಾಗೆ.
ಮೂರು ಗೆರೆ.
ಮೂರು ವರ್ಷ ಅವರು ಒಂದು ಮಾತೂ ಆಡಿರಲಿಲ್ಲ.

ಅವರ ಹಿಂಗೋಡೆಯೇ ನನ್ನ ಹಿತ್ತಿಲಿನ ಎಲ್ಲೆ.
ಅದಕ್ಕೆ ಆತುಕೊಂಡು ಜಗಲಿ ಕಟ್ಟಿಸಿದವಳು ನಾನು:
ಎರಡು ಟ್ರ್ಯಾಕ್ಟರ್ ಮಣ್ಣು, ಮೇಲೊಂದು ಸಿಮೆಂಟು,
ಸಂಜೆ ಕೂತು ಕಾಜಾ ಹೊಲಿಯಲಿಕ್ಕೆ,
ಅಂಬಾಜಿದುರ್ಗದ ಕಡೆಯ ಗಾಳಿಗೆ.
ಪಾಯದ ಕಲ್ಲು ದಾಟಿ ಮಣ್ಣು ತುಂಬಿದ್ದು ಕಾಣಲಿಲ್ಲ,
ನನಗೆ ಕಂಡದ್ದು ಕೂರುವ ಎತ್ತರ.
ವರ್ಷಕ್ಕೆ ಬೀಳುವ ನಾಲ್ಕು ಮಳೆಯೂ
ಹೋಗಲು ದಾರಿಯಿಲ್ಲದೆ
ಅವರ ಮನೆಗೇ ಹೋಗಿತ್ತು, ಕೇಳದೆ.

ಒಡೆಸಿದೆ.

ಪಿಳ್ಳಾಚಾರಿ ಬಂದರು. ಯಾರದೋ ಹಳೇ ಹುಳುಮನೆಯಿಂದ
ಬಿಚ್ಚಿ ತಂದ ನೀಲಗಿರಿ ಹಲಗೆ,
ಇನ್ನೂ ಹಿಪ್ಪುನೇರಳೆ ಸೊಪ್ಪಿನ ವಾಸನೆ.
"ಮಣ್ಣು ಬೇಡಮ್ಮ ಈ ಸಲ. ಗಾಳಿ ಮೇಲೆ ಕೂರು."
ಕಂಬದಡಿಗೆ ಚಪ್ಪಡಿ ತುಂಡು, ಮರಕ್ಕೆ ನೆಲ ಸೋಕದಂತೆ.
ಹಲಗೆ ಹಲಗೆಯ ನಡುವೆ ಮೊಳೆ ದಪ್ಪದ ಬೆಳಕು.
ಪಾಯದ ಕಲ್ಲಿಗಿಂತ ಗೇಣು ಕೆಳಗೆ,
ಇಳಿಜಾರು ನುಗ್ಗೆಮರದ ಕಡೆಗೆ,
ಗೋಡೆಯಿಂದ ಎರಡು ಬೆರಳು ದೂರ.

ಅದೊಂದು ಬೇಡ ಅಂದೆ.
ಸೂಜಿ ಬೀಳುತ್ತೆ, ಗುಂಡಿ ಬೀಳುತ್ತೆ, ಚೇಳು ಸೇರುತ್ತೆ,
ಒಂದು ಪಟ್ಟಿ ಹೊಡೆದು ಮುಚ್ಚಿಬಿಡಿ.
ಆಚಾರಿ ಉಳಿ ಕೆಳಗಿಟ್ಟರು.
"ರವಿಕೆ ಹೊಲಿದಾಗ ಒಳಗೆ ಒಂದಿಂಚು ಬಟ್ಟೆ ಬಿಡ್ತೀಯಲ್ಲ, ಯಾಕೆ?"
"ನಾಳೆ ಮೈ ಬಂದರೆ ಬಿಚ್ಚೋಕೆ."
"ಗೋಡೆಗೂ ಮೈ ಇದೆ,"
ಅಂದು ಉಳಿ ಎತ್ತಿಕೊಂಡರು.

ಒಣಗಲು ಒಂದು ಬೇಸಿಗೆ ಸಾಲದು ಎಂದಿದ್ದರು, ಸಾಲಲಿಲ್ಲ.
ಶಮೀಮಮ್ಮ ಇನ್ನೂ ಸುಣ್ಣ ಬಳಿಸಿಲ್ಲ.
ಗೋಡೆ ಆರಲಿ ಅಂತಿರಬೇಕು.
ನನಗೆ ಕಾಣಲಿ ಅಂತಲೂ ಇರಬಹುದು.
ನಾಲ್ಕನೇ ಗೆರೆ ಎಳೆದಿದ್ದಾರೆ,
ಮೂರನೆಯದಕ್ಕಿಂತ ನಾಲ್ಕು ಬೆರಳು ಕೆಳಗೆ.

ನಿನ್ನೆ ಒಂದು ಹುಕ್ಕು ಸಂದಿಗೆ ಬಿತ್ತು,
ಬೆಳಗಾದರೆ ಕೊಡಬೇಕಾದ ಮದುವೆ ರವಿಕೆಯ ಕೊನೇ ಹುಕ್ಕು.
ಅಳತೆ ಟೇಪಿನ ತುದಿಗೆ ಅಯಸ್ಕಾಂತ ಕಟ್ಟಿ
ಮಂಡಿಯೂರಿ ಇಳಿಬಿಟ್ಟೆ.
ಕತ್ತಲು. ಒಣಗಿದ ನುಗ್ಗೆ ಎಲೆ.
ಕೆಳಗಿನಿಂದ ಮುಖಕ್ಕೆ ಬಂದ ಗಾಳಿ.
ಅವರ ಗವಾಕ್ಷಿಯಲ್ಲಿ ಹದಿಮೂರರ ಮಗ್ಗಿ ನಡೆದಿತ್ತು,
ಹದಿಮೂರೇಳ್ಲ, ಹದಿಮೂರೇಳ್ಲ, ಎಂದು
ಹುಡುಗಿ ಅಲ್ಲೇ ಸಿಕ್ಕಿಕೊಂಡಿದ್ದಳು.

ಹುಕ್ಕು ಸಿಗಲಿಲ್ಲ.
"ತೊಂಬತ್ತೊಂದು!" ಬಗ್ಗಿದಲ್ಲಿಂದಲೇ ಕೂಗಿದೆ.
ಆಚೆ ಸದ್ದಡಗಿತು.
ಯಾರೋ ನಕ್ಕರು, ತಾಯಿಯೋ ಮಗಳೋ.
ಆಮೇಲೆ
ಹದಿಮೂರೆಂಟ್ಲ ನೂರಾನಾಕು.