ಸನ್ನಿವೇಶ ಏಳು

ಗೋಣಿಕೊಪ್ಪ, ಸಂಜೆ ಏಳೂವರೆ. ಶಟರು ಅರ್ಧ ಇಳಿಸಿ
ಹೊಸಬರಿಗೆ ಫೋನಿನ ಪಾಠ ಬರೆಯುತ್ತಿದ್ದೇನೆ:

ಗಿರಾಕಿ ಕಾಚಂಪುಳಿ ಬಾಟಲಿ ವಾಪಸು ತಂದಿದ್ದಾರೆ.
ಸೀಲು ಒಡೆದಿದೆ, ಬಿಲ್ಲಿಲ್ಲ, ದನಿ ಏರಿದೆ.
ನೀವು
ಅ) ನಿಯಮದ ಬೋರ್ಡು ತೋರಿಸುವಿರಿ
ಆ) ಮ್ಯಾನೇಜರನ್ನು ಕರೆಯುವಿರಿ
ಇ) ನಗುವಿರಿ.

ತಪ್ಪಿಗೆ ಕೆಂಪು, ಸರಿಗೆ ಹಸಿರು.
ನನ್ನ ಕಾಲಕ್ಕೆ ಬಣ್ಣಗಳಿರಲಿಲ್ಲ;
ಮೊದಲ ದಿನವೇ ಬಾಟಲಿ ಕೈಜಾರಿ
ಕಪ್ಪು ಹುಳಿ ಚಪ್ಪಲಿಗೆ ಹತ್ತಿ
ವಾರವಿಡೀ ಬಸ್ಸಲ್ಲಿ ಪಕ್ಕದ ಸೀಟು ಖಾಲಿ.

ಸಫೂರಾಳಿಗೆ ಕೊಟ್ಟು ನೋಡಿದೆ, ಕೆಲಸಕ್ಕೆ ಸೇರಿ ಮೂರು ದಿನ.
ಬೆರಳೆತ್ತಿದಳು, ಒತ್ತಲಿಲ್ಲ.
"ಅಕ್ಕಾ, ಇವರು ಕುಟ್ಟದಿಂದ ಬಸ್ಸು ಹತ್ತಿ ಬಂದವರಾ?
ಕೂರಿಸಿ ನೀರು ಕೊಡೋದು ಯಾವ ಅಕ್ಷರ?"

ಈ) ಎಂದು ಒತ್ತಿ ಕೈ ತಡೆದೆ.
ಅಂಗಡಿಯಲ್ಲಿರುವುದು ಒಂದೇ ಸ್ಟೂಲು;
ಅದರ ಮೇಲೆ ನಾನೇ ಕೂತಿದ್ದೇನೆ.