ಮೂವತ್ತೆರಡು ತಿಂಗಳ ಇಲಿ

ಮ್ಯಾಡಿಸನ್, ಜನವರಿ.
ಹೊರಗೆ ಸರೋವರ ಕಲ್ಲಾಗಿದೆ,
ಮಂಜಿನಲ್ಲಿ ತೂತು ಕೊರೆದು ಜನ ಮೀನಿಗೆ ಕಾಯುತ್ತಾರೆ.
ನೆಲಮಾಳಿಗೆಯಲ್ಲಿ ವರ್ಲೀನ್ ಟೆಸ್ಮರ್ ಕಾಯುವುದು
ಒಂದು ನಾಲಗೆಗೆ.

ಲೋಹದ ಬಿಲ್ಲೆ ಒತ್ತಿದರೆ ಒಂದು ಹನಿ ನೀರು.
ನಿನ್ನೆಗಿಂತ ಇವತ್ತು ಒಂದು ಗುಲಗಂಜಿ ಹೆಚ್ಚು ಒತ್ತಬೇಕು.
ಇಲಿಗೆ ಇದನ್ನು ಯಾರೂ ಹೇಳಿಲ್ಲ.

ಎಲುಬಿಲ್ಲದ ನಾಲಗೆ ಎಂದು ಬೈಯುತ್ತೇವಲ್ಲ,
ಎಲುಬಿಲ್ಲದ್ದೇ ಅದರ ಕಷ್ಟ:
ಆತುಕೊಳ್ಳಲು ಏನೂ ಇಲ್ಲ,
ತನ್ನನ್ನು ತಾನೇ ಎತ್ತಿಕೊಳ್ಳಬೇಕು.

ಪರದೆಯ ಮೇಲೆ ಗೆರೆ ಏರುತ್ತದೆ, ಏರುತ್ತದೆ,
ನಲವತ್ತನೆಯ ಸಲ ಕುಸಿಯುತ್ತದೆ.
ಮುದಿ ಇಲಿ ಹಿಂದೆ ಸರಿದು ಮೀಸೆ ಒರೆಸಿಕೊಳ್ಳುತ್ತದೆ,
ನೀರು ಬೇಕೇ ಇರಲಿಲ್ಲ ಎಂಬಂತೆ.

ಆ ನಟನೆ ವರ್ಲೀನಳಿಗೆ ಗೊತ್ತು.
ಕಳೆದ ಭಾನುವಾರ ಚರ್ಚಿನ ಊಟದಲ್ಲಿ
ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ತಳ್ಳಿ
"ಹೊಟ್ಟೆ ತುಂಬಿತು" ಅಂದಿದ್ದಳು,
ಕೆಮ್ಮು ಬರುವ ಮೊದಲೇ ಕೋಟು ಹುಡುಕಲು ಎದ್ದಿದ್ದಳು.

ಪುಸ್ತಕದಲ್ಲಿ ಬರೆಯುತ್ತಾಳೆ: ದಣಿವು, ನಲವತ್ತು.
ಆಮೇಲೆ ನಿಯಮದಲ್ಲಿಲ್ಲದ್ದು, ಎಲ್ಲೂ ಬರೆಯದ್ದು:
ಬೆರಳ ತುದಿಗೆ ಒಂದು ಹನಿ,
ಒತ್ತದೆಯೇ ಸಿಗುವಂಥದು.

ಅದು ನುಂಗಿತು.
ತುಸು ತಡವಾಗಿ, ಬರಿಬಾಯಲ್ಲಿ,
ಅವಳೂ.