ಇನ್ನೊಂದು ಜೊತೆ ಕೈಗವಸು

ಕ್ರೀಫ್ ಊರಿನ ಹರಾಜು ಕಂಪನಿಯ ಗುಮಾಸ್ತ ನಾನು.
ಲೇಡಿ ಮೋರಾಗ್ ಆಕ್ಟರ್‌ಲಾ ಮನೆಗೆ ಬೆಲೆ ಕಟ್ಟಲು ಹೋದದ್ದು ಮಂಗಳವಾರ.
ಮಾಡಿನ ಹಿಮ ಕರಗಿ ಒಳಗೇ ತೊಟ್ಟಿಕ್ಕುತ್ತಿತ್ತು,
ಮೆಟ್ಟಿಲ ಮೇಲೆ ಮೂರು ಬಕೆಟ್ಟು,
ಗೋಡೆಯಲ್ಲಿ ಅಜ್ಜ, ಅಜ್ಜನಜ್ಜ, ಅವರು ಹೊಡೆದ ಸಾರಂಗದ ಕೊಂಬು.
"ಎಲ್ಲ ಬರೆದುಕೊಳ್ಳಿ," ಅಂದಳು,
"ಆ ಮೂಗೊಂದು ಮಾತ್ರ ಮಾರಲಾಗದೆ ನನ್ನ ಮುಖದಲ್ಲೇ ಉಳಿದಿದೆ."

ಕೆಳಗಿನ ಡ್ರಾಯರಿನಲ್ಲಿ ಬಿಳಿ ಕೈಗವಸು. ನಲವತ್ತೊಂದು ಜೊತೆ,
ಒಂದೊಂದೂ ತೆಳು ಕಾಗದದಲ್ಲಿ.
ಅವಳ ಕೈ ನೋಡಿದೆ:
ಕಡಿವಾಣ ಹಿಡಿದು ಹಿಡಿದು ಅಗಲವಾದ, ಅಂಬಿಗನಂಥ ಕೈ.

"ನನ್ನದಲ್ಲ. ರಾಜಕುಮಾರಿ ಆಗಸ್ಟೀನಾಳದು.
ಮೂವತ್ತೆಂಟು ವರ್ಷ ನನ್ನ ಚೀಲದಲ್ಲಿ ಇನ್ನೊಂದು ಜೊತೆ ಇರುತ್ತಿತ್ತು.
ಗಣಿಯವರು, ಮೀನಿನವರು, ಮೇಯರುಗಳು, ಎಲ್ಲರೂ ಕೈ ಕುಲುಕಿ
ಹನ್ನೊಂದಕ್ಕೆಲ್ಲ ಬಿಳುಪು ಹೋಗುತ್ತದೆ.
ಅವಳು ಬಾಯಿಬಿಟ್ಟು ಕೇಳುವ ಹಾಗಿಲ್ಲ.
ಎಡಗೈ ಮೆಲ್ಲಗೆ ಬೆನ್ನ ಹಿಂದೆ ತರುತ್ತಾಳೆ. ಅಷ್ಟೆ."

ಇಪ್ಪತ್ತಮೂರಕ್ಕೆ ಊಳಿಗಕ್ಕೆ ಸೇರಿದ್ದಂತೆ.
ಅಪ್ಪ ಅರ್ಲ್; ಕುದುರೆ ಜೂಜಿಗೆ ಎರಡು ಹಳ್ಳಿ, ಒಂದು ಕೆರೆ ಕಳೆದವನು.
ಸಂಬಳವಿಲ್ಲ, ಗೌರವ. ಉಡುಪಿಗೆಂದು ಏನೋ ಕೊಡುತ್ತಿದ್ದರು.

"ಮದುವೆ?" ನಾನು ಕೇಳಬಾರದಿತ್ತು.
"ಒಬ್ಬನಿದ್ದ. ಸೇಂಟ್ ಆಂಡ್ರೂಸಿನಲ್ಲಿ ಅಣಬೆಗಳ ಬಗ್ಗೆ ಓದುತ್ತಿದ್ದ.
ಅವನ ಕಾಗದ ಬಂದಾಗ ನಾವು ಪ್ರವಾಸದಲ್ಲಿದ್ದೆವು.
ರಾತ್ರಿ ಉತ್ತರಕ್ಕೆ ಕೂತೆ. ಮೊದಲ ಸಾಲು ತಾನೇ ಬಂತು:
'ರಾಜಕುಮಾರಿಯವರ ಅಪ್ಪಣೆಯ ಮೇರೆಗೆ ತಮಗೆ ತಿಳಿಸುವುದೇನೆಂದರೆ'
ಹರಿದುಹಾಕಿದೆ.
ಇನ್ನೊಂದು ಬರೆಯಲಿಲ್ಲ."

ಫೋಟೊಗಳಲ್ಲಿ ಅವಳು ಒಂದು ಮೊಣಕೈ, ಒಂದು ಹ್ಯಾಟಿನ ಅಂಚು.
ಪೂರ್ತಿ ಇರುವುದು ಒಂದರಲ್ಲೇ, ಕಣ್ಣು ಮುಚ್ಚಿಕೊಂಡು.
"ಅವಳ ಮುಖ ಊರಿಗೆಲ್ಲ ಗೊತ್ತು, ನನಗೆ ಗೊತ್ತಿದ್ದದ್ದು ಹೆಗ್ಗತ್ತು.
ಎಡಕ್ಕೊಂದು ಮಚ್ಚೆ. ಸಿಟ್ಟು ಬಂದರೆ
ಅವಳಿಗಿಂತ ಮೊದಲು ಅವಳ ಕಿವಿಗೆ ತಿಳಿಯುತ್ತಿತ್ತು.
ಎರಡು ಹೆಜ್ಜೆ ಹಿಂದಿನಿಂದ ಒಬ್ಬಳನ್ನು ಅರಿಯುವುದು
ಬೆನ್ನುಡಿಯಷ್ಟೇ ಓದಿ ಪುಸ್ತಕ ಬಲ್ಲೆ ಅಂದಂತೆ.
ಆದರೂ ಬಲ್ಲೆ."

ಅವಳು ಸತ್ತಾಗ ರಾತ್ರಿ ರೈಲಿನಲ್ಲಿ ಲಂಡನ್ನಿಗೆ.
ಕಂಬದ ಹಿಂದೆ ಕುರ್ಚಿ, ಶವಪೆಟ್ಟಿಗೆ ಕಾಣದು.
ಪ್ರಾರ್ಥನೆಯ ನಡುವೆ ಕರವಸ್ತ್ರಕ್ಕೆ ಚೀಲ ತೆರೆದರೆ
ಸಿಕ್ಕಿದ್ದು ಗವಸು.
"ಕಾದೆ. ಯಾರೂ ಕೈ ಹಿಂದೆ ತರಲಿಲ್ಲ.
ಮೂಗು ಅದರಲ್ಲೇ ಒರೆಸಿಕೊಂಡೆ.
ದೇವರು ಕ್ಷಮಿಸಲಿ, ಹಾಯೆನಿಸಿತು."

ಬರೆದುಕೊಂಡೆ: ಬಿಳಿ ಕೈಗವಸು, ನಲವತ್ತೊಂದು.
"ನಲವತ್ತು," ಅಂದಳು.

ಬೀಳ್ಕೊಡಲು ಬಂದಳು, ನನ್ನ ಹಿಂದೆ.
ನಾನು ನಿಂತರೆ ನಿಂತಳು, ನಡೆದರೆ ನಡೆದಳು.
ಬಕೆಟ್ಟಿನ ನೆವ ಮಾಡಿ ಪಕ್ಕಕ್ಕೆ ಸರಿದೆ,
ಈಗಲಾದರೂ ಮುಂದಾಗಲಿ ಎಂದು.
"ನೋಡಿಕೊಂಡು," ಅಂದಳು ಅಲ್ಲಿಂದಲೇ,
"ಆ ಮೆಟ್ಟಿಲು ಸಡಿಲ."